ಚಪ್ಪಲಿ ಹೊರಗೆ ಬಿಡಿ

ಬೋರ್ಡು ಎಂದರೆ ನಮ್ಮ ರಂಗಸ್ವಾಮಿಗೆ ವೇದವಾಕ್ಯ. ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಬರೆದದ್ದು ಕಂಡರೆ, ಬರದೇ ಇದ್ದ ಮೂತ್ರವನ್ನೂ ತಡೆದುಕೊಂಡು ಮುಂದೆ ಹೋಗುವ ಮನುಷ್ಯ. ಇಪ್ಪತ್ತೆರಡು ವರ್ಷದಿಂದ ಎಸ್ಟೇಟಿನಲ್ಲಿ ರೈಟರ್ ಆಗಿದ್ದಾನೆ. ಆಳುಗಳ ಹಾಜರಿ ಬರೆಯುವುದು, ಕಾಫಿ ಮೂಟೆಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಹಾಕುವುದು, ಮಿಕ್ಕ ಬಣ್ಣದಲ್ಲಿ ಬೋರ್ಡು ಬರೆಯುವುದು ಅವನ ಕೆಲಸ. ಇನ್ನೊಬ್ಬರು ಬರೆದ ಬೋರ್ಡನ್ನು ಅವನು ಪಾಲಿಸುತ್ತಾನೆ, ತಾನು ಬರೆದದ್ದನ್ನು ಊರು ಪಾಲಿಸುವಂತೆ ನೋಡಿಕೊಳ್ಳುತ್ತಾನೆ. ಯಾಕೆ ಎಂದು ಮಾತ್ರ ಯಾರನ್ನೂ ಕೇಳುವುದಿಲ್ಲ.

ನಾನು ಮೋಹನ, ಅವನ ಪಕ್ಕದ ಮನೆಯವನು, ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಹಾಲಿಗೆ ಕಡ್ಡಿ ಇಳಿಬಿಟ್ಟು ಎಷ್ಟು ನೀರು ಬೆರೆತಿದೆ ಎಂದು ನೋಡಿ ನೋಡಿ, ಜನರ ಮಾತನ್ನೂ ಹಾಗೆಯೇ ಅಳೆಯುವ ಅಭ್ಯಾಸ ನನಗಿದೆ. ಆದರೂ ಈ ಪ್ರಕರಣದಲ್ಲಿ ನಾನೂ ಬೇಸ್ತು ಬಿದ್ದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ನಾಚಿಕೆ ಕಡಿಮೆ.

ಈ ವರ್ಷದ, ಎಂದರೆ ಎರಡು ಸಾವಿರದ ಎರಡನೇ ಇಸವಿಯ ಮಾತು. ರಂಗಸ್ವಾಮಿಯ ಮಗಳು ಚೈತ್ರಶ್ರೀ ಹಾಸನದ ಒಂದು ಕಾಲೇಜಿನಲ್ಲಿ ಬಿ.ಸಿ.ಎ. ಓದುತ್ತಿದ್ದಳು. ದಿನವೂ ನಮ್ಮೂರ ಗುಡ್ಡ ಇಳಿದು ಆನೇಮಹಲ್‌ನಲ್ಲಿ ಬಸ್ಸು ಹಿಡಿದು ಹೋಗಿ, ಕತ್ತಲಾಗುವ ಹೊತ್ತಿಗೆ ಬರುತ್ತಿದ್ದಳು. ಕಾಲೇಜಿನಲ್ಲಿ ಎಪ್ಪತ್ತು ಮಕ್ಕಳಿಗೆ ಎಂಟು ಕಂಪ್ಯೂಟರ್, ಅದರಲ್ಲಿ ಮೂರು ಕೆಟ್ಟಿದ್ದವು.

“ವಾರಕ್ಕೆ ಅರ್ಧ ಗಂಟೆ ಸಿಗುತ್ತಪ್ಪ. ಅದರಲ್ಲೂ ನಂಗೆ ಕಾಣೋದು ಮುಂದೆ ಕೂತೋರ ಬೆನ್ನು. ಮನೇಲಿ ಒಂದು ಇದ್ರೆ ಪ್ರೋಗ್ರಾಮ್ ಬರ್ದು ಕಲೀಬಹುದು. ಇಲ್ದಿದ್ರೆ ಪ್ರಾಕ್ಟಿಕಲ್‌ನಲ್ಲಿ ಡುಮ್ಕಿ” ಎಂದು ಅವಳು ಅಳುಮುಖ ಮಾಡಿದಳು.

ಮಗಳ ಮಾತನ್ನು ಖುದ್ದು ಪರೀಕ್ಷಿಸಲು ರಂಗಸ್ವಾಮಿ ಹಾಸನಕ್ಕೆ ಹೋದ. ಅಲ್ಲಿ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಬೋರ್ಡು ಇತ್ತು: ‘ಚಪ್ಪಲಿ ಹೊರಗೆ ಬಿಡಿ.’ ಮಗಳ ಜೊತೆ ಮಾತಾಡುತ್ತಾ ಅದನ್ನು ನೋಡದೆ ಒಂದು ಕಾಲು ಒಳಗಿಟ್ಟ. ಜವಾನ ಸ್ಟೂಲಿನಿಂದ ಎದ್ದು, “ಯಜಮಾನ್ರೇ, ಕಣ್ಣು ಕಾಣಲ್ವಾ? ಚಪ್ಪಲಿ!” ಎಂದು ಗದರಿದ. ಬೋರ್ಡು ಮೀರಿದ ಪಾಪಕ್ಕೆ ರಂಗಸ್ವಾಮಿ ಅಲ್ಲೇ ಬೆವತುಹೋದ. ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಕಟ್ಟಿ ಒಳಗೆ ಹೋದರೆ, ಪರದೆ ಎಳೆದ ಕೋಣೆ, ತಣ್ಣಗಿನ ಗಾಳಿ, ಯಾರೂ ಜೋರಾಗಿ ಮಾತಾಡುತ್ತಿಲ್ಲ. ಐದು ನಿಮಿಷ ಕೈಮುಗಿದು ನಿಂತು ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಗೆ ಬಂದನಂತೆ.

ಅವತ್ತು ಸಂಜೆ ಡೈರಿಯಲ್ಲಿ ಅವನದೇ ಭಾಷಣ. “ಮೋಹನಣ್ಣ, ಅದು ಟೀವಿ ಥರ ಅಲ್ಲ ಕಣಣ್ಣ. ಅಲ್ಲಿ ಪ್ರಿನ್ಸಿಪಾಲ್ರೂ ಚಪ್ಪಲಿ ಬುಟ್ಟೇ ಒಳಗೆ ಹೋಗ್ಬೇಕು. ನಾನು ಕಣ್ಣಾರೆ ನೋಡ್ದೆ.”

ಎರಡು ವರ್ಷದ ಬೋನಸ್ಸು ಹೋಯಿತು, ಒಂದು ಸೀಮೆಹಸು ಹೋಯಿತು, ಕಂಪ್ಯೂಟರ್ ಬಂತು. ಆ ಹಸು ಡೈರಿಗೆ ದಿನಕ್ಕೆ ಎಂಟು ಲೀಟರ್ ಕೊಡುತ್ತಿತ್ತು. ಹಾಗಾಗಿ ಆ ಯಂತ್ರದಲ್ಲಿ ನನ್ನದೂ ಸ್ವಲ್ಪ ಪಾಲಿದೆ ಎಂದು ನಾನು ಈಗಲೂ ವಾದಿಸುತ್ತೇನೆ.

ಸಕಲೇಶಪುರದಿಂದ ಯಾಕೂಬ್ ಸಾಹೇಬರ ಜೀಪಿನಲ್ಲಿ ಅದು ಬಂತು. ಅವರ ಮಗ ಫಯಾಜ್ ಪೇಟೆಯಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ ಇಟ್ಟಿದ್ದ. ರಂಗಸ್ವಾಮಿ ಟೀವಿಯಂಥ ಭಾಗವನ್ನು ಕಂಬಳಿಯಲ್ಲಿ ಸುತ್ತಿ ಬಾಣಂತಿ ಮಗುವನ್ನು ಹಿಡಿದಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಜೀಪು ಹಳ್ಳಕ್ಕೆ ಇಳಿದಾಗಲೆಲ್ಲ ತಾನು ಎದ್ದು ಅದನ್ನು ಎತ್ತಿ ಹಿಡಿದು, ಸೀಟಿಗೆ ಮೂರು ಸಲ ಬಿದ್ದನಂತೆ.

“ಎಲ್ಲಿ ಇಡೋಣ ರಂಗಸ್ವಾಮಣ್ಣ? ಈ ಹಜಾರದಲ್ಲೇ ಪ್ಲಗ್ ಐತೆ, ಬೆಳಕೂ ಐತೆ” ಎಂದ ಫಯಾಜ್.

“ಹಜಾರದಲ್ಲಾ? ಛೆ ಛೆ! ದೇವ್ರ ಮನೆ ಪಕ್ಕದ ಕೋಣೆ ಖಾಲಿ ಮಾಡ್ಸಿದ್ದೀನಿ. ಚಪ್ಪಲಿ ಬುಟ್ಟು, ಕಾಲು ತೊಳ್ಕೊಂಡು ಬಾ.”

ಆ ಕೋಣೆಯಲ್ಲಿದ್ದ ಮೆಣಸಿನ ಮೂಟೆಗಳನ್ನು ಹೊರಗೆ ಹಾಕಿ, ಸುಣ್ಣ ಹೊಡೆಸಿ, ತೇಗದ ಮರದ ಒಂದು ಪೀಠ ಮಾಡಿಸಿದ್ದ. ಕರೆಂಟು ಹೋದರೆ ಯಂತ್ರ ಆರದಂತೆ ಕಾಯುವ ಯು.ಪಿ.ಎಸ್. ಎಂಬ ಡಬ್ಬ ಬೇಕೇ ಬೇಕು ಎಂದು ಫಯಾಜ್ ಹೇಳಿದ್ದ. ಪೀಠಕ್ಕೆ ಖರ್ಚಾದ್ದರಿಂದ ಆ ಡಬ್ಬ ಬರಲಿಲ್ಲ. ಬಾಗಿಲ ಮೇಲೆ ಮೂಟೆಗೆ ಹಾಕುವ ಕೆಂಪು ಬಣ್ಣದ ಹೊಸ ಬೋರ್ಡು ಹೊಳೆಯುತ್ತಿತ್ತು: ‘ಚಪ್ಪಲಿ ಹೊರಗೆ ಬಿಡಿ.’

ಇದನ್ನೆಲ್ಲ ರಂಗಸ್ವಾಮಿಯ ತಾಯಿ ಚೆಲುವಮ್ಮ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಎಪ್ಪತ್ತೆಂಟು ವರ್ಷದ ಮುದುಕಿ. ಆ ಮನೆಯಲ್ಲಿ ಯಾವುದು ಮಡಿ, ಯಾವುದು ಮೈಲಿಗೆ ಎಂಬುದಕ್ಕೆ ಅವಳದೇ ಸುಪ್ರೀಂ ಕೋರ್ಟು. ಸೊಸೆ ಗಂಗಾಮಣಿ ಮೇಲ್ಮನವಿ ಹಾಕುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು.

“ಏನ್ಲಾ ಅದು? ಕಾಲು ತೊಳೆಸ್ತಿದ್ದೀಯಲ್ಲ, ಯಾವ ದೇವ್ರು?” ಎಂದಳು ಚೆಲುವಮ್ಮ.

‘ದೇವರಲ್ಲವ್ವ, ಯಂತ್ರ’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಡೈರಿಗೆ ಹಾಲು ತಂದಿದ್ದ ಹತ್ತಾರು ಮಂದಿ ಅಂಗಳದಲ್ಲಿ ನೆರೆದಿದ್ದರು. ಅಷ್ಟು ಜನರ ಮುಂದೆ ಹಸುವೊಂದನ್ನು ಮಾರಿ ತಂದದ್ದು ಬರೀ ಯಂತ್ರ ಎನ್ನಲು ರಂಗಸ್ವಾಮಿಗೆ ಬಾಯಿ ಬರಲಿಲ್ಲ.

“ಸರಸ್ವತಿ ಅಂದ್ಕೊಳ್ಳವ್ವ” ಎಂದುಬಿಟ್ಟ.

ಚೆಲುವಮ್ಮ ಅಂದುಕೊಳ್ಳುವವಳಲ್ಲ, ನಂಬುವವಳು. ಅರ್ಧ ಗಂಟೆಯಲ್ಲಿ ಮಾವಿನ ತೋರಣ ಬಂತು, ಕುಂಕುಮ ಬಂತು, ಕಾಯಿ ಒಡೆಯಿತು. ಹೊಸ ಜೀಪಿಗೆ ಮಾಡಿದ ಹಾಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕೆಂದು ಹುಡುಕಿದರೆ ಚಕ್ರವೇ ಇಲ್ಲ. ಕೊನೆಗೆ ನಾಲ್ಕು ಹಣ್ಣನ್ನು ಪೀಠದ ನಾಲ್ಕು ಕಾಲಿಗೆ ಇಟ್ಟರು. ಫಯಾಜ್ ಪಾಪ ಕಾಲು ತೊಳೆದು ಬಂದು, ತಲೆ ತಗ್ಗಿಸಿ ವೈರು ಜೋಡಿಸಿದ. “ನಮ್ ಮಸೀದೀಲೂ ಬಿಡ್ತೀವಲ್ಲ ಅಜ್ಜಿ, ನಂಗೇನು ಕಷ್ಟ” ಎಂದು ಅಜ್ಜಿಯಿಂದ ಶಭಾಸ್ ಎನಿಸಿಕೊಂಡ. ಪರದೆಯ ಮೇಲೆ ಬಣ್ಣದ ಮೀನುಗಳು ಈಜಾಡಿದಾಗ ಬಾಗಿಲಲ್ಲಿ ನಿಂತವರೆಲ್ಲ ಕೈಮುಗಿದರು. ಚೈತ್ರಶ್ರೀ ಒಬ್ಬಳೇ, “ಅಪ್ಪಾ, ಇದ್ರಲ್ಲಿ ನಾನು ಕೂತ್ಕೊಳ್ಳೋದು ಎಲ್ಲಿ?” ಎಂದು ಕೇಳಿದಳು. ಪೀಠದ ಮುಂದೆ ಮಣೆ ಇತ್ತು. ಕುರ್ಚಿ ಅಲ್ಲಿ ಸಲ್ಲದು ಎಂದಾಗಿತ್ತು.

ಮರುದಿನ ದೇವೀರಪ್ಪ ನೋಡಲು ಬಂದ. ಊರಿಗೆ ದೊಡ್ಡ ತೋಟದವನು, ಸುತ್ತಿನಲ್ಲಿ ಮೊದಲು ಸ್ಪ್ರಿಂಕ್ಲರ್ ಹಾಕಿಸಿದವನು, ಮೊಣಕಾಲವರೆಗಿನ ಗಂಬೂಟು ಇಲ್ಲದೆ ಮನೆಯಿಂದ ಹೊರಗೆ ಬಾರದವನು.

“ಬೂಟು ಬುಟ್ಟು ಬನ್ನಿ ದೇವೀರಪ್ಪೋರೆ” ಎಂದ ರಂಗಸ್ವಾಮಿ.

“ಬಾಗ್ಲಲ್ಲೇ ನಿಂತು ನೋಡ್ತೀನಿ ಕಣೋ.”

“ಬೋರ್ಡು ಓದಿ.”

ದೇವೀರಪ್ಪ ಹಲ್ಲು ಕಚ್ಚಿ ಒಂದು ಬೂಟು ಎಳೆದ. ಬರಲಿಲ್ಲ. ಇಬ್ಬರು ಅವನ ಕಾಲು ಹಿಡಿದು, ಇನ್ನಿಬ್ಬರು ಅವನನ್ನು ಹಿಡಿದು ಎಳೆದರು. ಬೂಟಿನ ಜೊತೆ ಕಾಲುಚೀಲವೂ ಬಂದು, ಹೆಬ್ಬೆರಳಿನ ಕಡೆ ಅದರಲ್ಲಿದ್ದ ದೊಡ್ಡ ತೂತನ್ನು ಊರೆಲ್ಲ ನೋಡಿತು. “ಇದನ್ನ ನೆನಪಿಟ್ಕೋತೀನಿ ಮಾರಾಯ” ಎಂದು ಅವನು ಹೋದ. ಅವನು ಮಾತಿಗೆ ತಪ್ಪುವವನಲ್ಲ.

ಆಮೇಲೆ ಬೋರ್ಡಿನಲ್ಲಿ ಸಾಲುಗಳು ಬೆಳೆದವು. ಸ್ನಾನ ಮಾಡದವರು ಬರಬಾರದು ಎಂದಾಯಿತು. ಬಾಡು ತಿಂದವರು ಆ ದಿನ ಮುಟ್ಟಬಾರದು ಎಂದು ರಂಗಸ್ವಾಮಿಯೇ ಸೇರಿಸಿದ. ನಮ್ಮ ಕಡೆ ಭಾನುವಾರ ಬಾಡಿಲ್ಲದ ಮನೆ ಇಲ್ಲವಾದ್ದರಿಂದ ಚೈತ್ರಶ್ರೀಗೆ ಇಡೀ ದಿನ ಬಿಡುವಿದ್ದ ಭಾನುವಾರ ಅಲ್ಲಿಗೆ ಹೋಯಿತು. ತಾನು ತಿನ್ನುವುದೇ ಇಲ್ಲ ಎಂದಳು ಹುಡುಗಿ. “ಮನೆಗೆಲ್ಲ ವಾಸ್ನೆ ಹೊಡ್ದಿರ್ತದೆ” ಎಂದಳು ಚೆಲುವಮ್ಮ. ಮಿಕ್ಕ ದಿನ ಅವಳು ಕಾಲೇಜಿನಿಂದ ಬರುವಾಗ ದೀಪ ಹಚ್ಚುವ ಹೊತ್ತು. ಪೂಜೆ ಮುಗಿಯುವಷ್ಟರಲ್ಲಿ ದರ್ಶನಕ್ಕೆ ಜನ ಬರುತ್ತಿದ್ದರು. ಜನ ಹೋಗುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು.

ಮಾರ್ಚ್ ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಊರಿನ ತಾಯಂದಿರು ಮಕ್ಕಳ ಹಾಲ್ ಟಿಕೆಟ್ ತಂದು ಕಂಪ್ಯೂಟರ್ ಡಬ್ಬದ ಮೇಲೆ ಇಡತೊಡಗಿದರು. ನನ್ನ ಮಗಳು ಸೌಜನ್ಯಾಳ ಹಾಲ್ ಟಿಕೆಟನ್ನೂ ನನ್ನ ಹೆಂಡತಿ ಇಟ್ಟು ಬಂದಳು. ನಾನು ತಡೆಯಲಿಲ್ಲ. ಸೌಜನ್ಯಾಳ ಗಣಿತ ನನಗೆ ಗೊತ್ತಿತ್ತು, ಯಾವ ಸಹಾಯವನ್ನೂ ಬೇಡ ಎನ್ನುವ ಸ್ಥಿತಿಯಲ್ಲಿ ನಾವಿರಲಿಲ್ಲ.

ಇಷ್ಟರ ನಡುವೆಯೂ ಚೈತ್ರಶ್ರೀ ಸಿಕ್ಕ ಹತ್ತು ನಿಮಿಷ, ಇಪ್ಪತ್ತು ನಿಮಿಷದಲ್ಲಿ ಮಣೆಯ ಮೇಲೆ ಕೂತು ಎಲ್ಲ ಚಿಕ್ಕ ಪ್ರೋಗ್ರಾಮುಗಳನ್ನೂ ಮುಗಿಸಿದಳು. ಉಳಿದದ್ದು ಒಂದೇ ದೊಡ್ಡದು. ಗ್ರಂಥಾಲಯದ ಯಾವ ಪುಸ್ತಕ ಯಾರ ಬಳಿ ಇದೆ ಎಂದು ಹೇಳುವ ಪ್ರೋಗ್ರಾಮ್. ಅದನ್ನು ಸೋಮವಾರ ಫ್ಲಾಪಿಯಲ್ಲಿ ಹಾಕಿ ಕೊಡಬೇಕು, ಕೊಡದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮೇಡಂ ಹೇಳಿದ್ದರು. ನೂರ ಎಂಬತ್ತು ಸಾಲನ್ನು ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದಿದ್ದಳು. ಕಂಪ್ಯೂಟರಿಗೆ ಹತ್ತಿಸಿ, ತಪ್ಪು ತಿದ್ದಿ, ಓಡಿಸಿ ನೋಡುವುದು ಬಾಕಿ. ಅದಕ್ಕೆ ಶನಿವಾರ ಕಾಲೇಜಿಗೆ ರಜೆ ಹಾಕಿದ್ದಳು.

ಶುಕ್ರವಾರ ಸಂಜೆ ಅವಳು ಬಸ್ಸಿಳಿದು ಬಂದು ಒಳಗೆ ಕಾಲಿಡುವಷ್ಟರಲ್ಲಿ ಚೆಲುವಮ್ಮ ಕೈ ಅಡ್ಡ ಹಿಡಿದಳು.

“ಇವತ್ತು ನಿಂದು ದಿನ ಅಲ್ವೇನೇ?”

ಮನೆಯ ಹೆಂಗಸರ ದಿನಗಳು ಮುದುಕಿಗೆ ಪಂಚಾಂಗಕ್ಕಿಂತ ಚೆನ್ನಾಗಿ ಗೊತ್ತು. ಚೈತ್ರಶ್ರೀ ಸುಳ್ಳು ಹೇಳಲು ಹೊರಟು, ಅಜ್ಜಿಯ ಕಣ್ಣು ನೋಡಿ ಹೂಂ ಎಂದಳು. ನಮ್ಮ ಕಡೆ ಮೂರು ದಿನ ಹೊರಗೆ ಜಗಲಿಯ ಮೂಲೆಯಲ್ಲಿ ಚಾಪೆ, ನಾಲ್ಕನೇ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡ ಮೇಲೆ ಒಳಗೆ. ಗಂಡಸರು ಈ ವಿಷಯ ಬಾಯಿಬಿಟ್ಟು ಆಡುವುದಿಲ್ಲ, ಜಗಲಿಯಲ್ಲಿ ಚಾಪೆ ಕಂಡರೆ ಊರಿಗೇ ಅರ್ಥವಾಗುತ್ತದೆ.

“ಅಡುಗೆ ಮನೆ ಬೇಡ, ದೇವ್ರ ಮನೆ ಬೇಡ ಅಜ್ಜಿ. ಕಂಪ್ಯೂಟರ್ ಕೋಣೆಗೆ ಮಾತ್ರ ಬುಡು. ಸೋಮವಾರ ಕೊಡ್ಬೇಕು!”

“ಸರಸ್ವತಿ ಮುಂದೆ ಹಿಂಗೆ ಕೂತ್ಕೋತಾರೇನೇ? ಹಾಲ್ ಟಿಕೀಟು ಇಟ್ಟಿರೋ ಮಕ್ಕಳ ಗತಿ?”

ಚೈತ್ರಶ್ರೀ ಅಪ್ಪನನ್ನು ನೋಡಿದಳು. ರಂಗಸ್ವಾಮಿ ಬೋರ್ಡನ್ನು ನೋಡಿದ. ಅದರಲ್ಲಿ ಈ ಬಗ್ಗೆ ಏನೂ ಬರೆದಿರಲಿಲ್ಲ, ಅವನಿಗೆ ದಿಕ್ಕು ತೋಚಲಿಲ್ಲ. “ನಾಳೆ ಫಯಾಜ್‌ನ ಕೇಳ್ಕೊಂಡು ಬರ್ತೀನಿ” ಎಂದ. ಮಗಳ ಕಷ್ಟ ಅವನಿಗೆ ತಟ್ಟಲಿಲ್ಲ ಎಂದಲ್ಲ. ರಾತ್ರಿ ಊಟ ಬಿಟ್ಟನಂತೆ. ಆದರೆ ಉಪವಾಸದಿಂದ ಪ್ರೋಗ್ರಾಮ್ ಓಡುವುದಿಲ್ಲವಲ್ಲ.

ಶನಿವಾರ ಬೆಳಿಗ್ಗೆ ಸಕಲೇಶಪುರದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ಅವನು ಫಯಾಜ್‌ನನ್ನು ತನ್ನ ಜೀವಮಾನದ ಮೊದಲ ‘ಯಾಕೆ’ ಕೇಳಿದ.

“ಫಯಾಜು, ಕಂಪ್ಯೂಟರ್ ಹತ್ರ ಚಪ್ಪಲಿ ಯಾಕೆ ಬುಡಿಸ್ತಾರೆ?”

“ಧೂಳು ಅಣ್ಣ. ಧೂಳು ಒಳಗೆ ಹೋದ್ರೆ ಕೆಡ್ತದೆ ಅಂತ.”

“ಅಷ್ಟೇನಾ?”

“ಅಷ್ಟೇ.”

“ಮತ್ತೆ ತಣ್ಣಗೆ ಇಟ್ಟಿರ್ತಾರಲ್ಲ?”

“ಬಿಸಿ ಆಗ್ತದೆ ಅದಕ್ಕೆ. ಏನಣ್ಣ ನೀವು, ನಾನು ದಿನಾ ಈ ಡಬ್ಬದ ಮೇಲೇ ತಟ್ಟೆ ಇಟ್ಕೊಂಡು ಊಟ ಮಾಡ್ತೀನಿ. ನೋಡಿ, ಅಮ್ಮ ಕಳಿಸವ್ರೆ, ಬನ್ನಿ.”

ಫಯಾಜ್‌ನ ತಾಯಿ ಕುಬ್ರಾ ಮಾಡಿದ ಬಿರಿಯಾನಿ. ಹಿಂದಿನ ರಾತ್ರಿಯ ಉಪವಾಸ, ಎದುರಿಗೆ ಹಬೆಯಾಡುವ ತಟ್ಟೆ, ತಲೆಯೊಳಗೆ ಧೂಳು. ಮೂರು ತಿಂಗಳ ಭಕ್ತಿ ಒಂದು ಪದದಲ್ಲಿ ಹೋದ ಆಘಾತದಲ್ಲಿ ರಂಗಸ್ವಾಮಿ ಎರಡು ತಟ್ಟೆ ತಿಂದ. ಕೈ ತೊಳೆಯುವಾಗ ಗೋಡೆಯ ಕ್ಯಾಲೆಂಡರ್ ಕಂಡಿತು. ಅವತ್ತು ಶನಿವಾರ. ಹುಟ್ಟಿದಾಗಿನಿಂದ ಮನೆದೇವರಿಗೆ ಮೀಸಲಾದ, ಬಾಡಿನ ವಾಸನೆಯನ್ನೂ ಮೂಸದ ಶನಿವಾರ.

ಇದನ್ನೆಲ್ಲ ನುಂಗಿಕೊಂಡು ಮಧ್ಯಾಹ್ನ ಮನೆಗೆ ಬಂದ. ಧೂಳಿನ ವಿಷಯ ಹೇಳಿದರೆ ಊರಿನ ಮುಂದೆ ಮುಖ ಹೋಗುತ್ತದೆ, ಬಿರಿಯಾನಿ ವಿಷಯ ಹೇಳಿದರೆ ತಾಯಿಯ ಮುಂದೆ ಜೀವ ಹೋಗುತ್ತದೆ. ಹಾಗಾಗಿ ಎರಡೂ ಹೇಳದೆ ಒಂದು ಉಪಾಯ ಹೇಳಿದ. “ಮಗಾ, ನೀನು ಕಿಟಕಿ ಆಚೆ ಜಗಲೀಲಿ ಕೂತು ಓದು. ನಾನು ಒಳಗೆ ಕೂತು ಒತ್ತುತೀನಿ. ಇಪ್ಪತ್ತೆರಡು ವರ್ಷ ಹಾಜರಿ ಬರ್ದಿರೋ ಕೈ ಇದು.”

ಹೀಗೆ ಶನಿವಾರ ಎರಡು ಗಂಟೆಗೆ ನಮ್ಮೂರಿನಲ್ಲಿ ಆ ಅಪೂರ್ವ ಕಾರ್ಯಕ್ರಮ ಶುರುವಾಯಿತು. ಹೊರಗೆ ಚಾಪೆಯ ಮೇಲೆ ಹುಡುಗಿ, ಒಳಗೆ ಮಣೆಯ ಮೇಲೆ ಅಪ್ಪ, ನಡುವೆ ಕಿಟಕಿಯ ಸರಳು.

“ಹ್ಯಾಷ್ ಇನ್‌ಕ್ಲೂಡ್” ಎಂದಳು ಚೈತ್ರಶ್ರೀ.

“ಎಲ್ಲೈತೆ?”

“ಮೂರರ ಮೇಲೆ ಅಪ್ಪ. ಶಿಫ್ಟ್ ಹಿಡ್ಕೊಂಡು ಒತ್ತು.”

“ಯಾವ ಶಿಫ್ಟು?”

ಮೊದಲ ಸಾಲಿಗೆ ಹನ್ನೊಂದು ನಿಮಿಷ ಹಿಡಿಯಿತು. ಬಾಗಿದ ಬ್ರಾಕೆಟ್ಟು ಅಪ್ಪನಿಗೆ ತಿಳಿಯದೆ ಒದ್ದಾಡಿದಾಗ ಹುಡುಗಿಗೆ ಹೈಸ್ಕೂಲಿನ ಗಣಿತ ನೆನಪಾಗಿ, “ಪುಷ್ಪಾವರಣ ತೆರೆ!” ಎಂದು ಕೂಗಿದಳು. ಚೆಲುವಮ್ಮ ಅದನ್ನು ಕೇಳಿ ಹಿತ್ತಲಿನಿಂದ ಒಂದು ಬೊಗಸೆ ದಾಸವಾಳ ತಂದು ಯಂತ್ರದ ಮುಂದೆ ಸುರಿದಳು. ದೀಪವನ್ನೂ ಹಚ್ಚಿದಳು.

ಸಂಜೆ ಹಾಲು ತಂದವರು ಡೈರಿಯಿಂದ ಸೀದಾ ಅಲ್ಲಿಗೆ ಬಂದರು. ಹೊರಗೆ ಒಬ್ಬಳು ಅರ್ಥವಾಗದ ಏನನ್ನೋ ಸ್ಪಷ್ಟವಾಗಿ ಪಠಿಸುತ್ತಿದ್ದಾಳೆ, ಒಳಗೆ ದೀಪದ ಮುಂದೆ ಒಬ್ಬ ಅದನ್ನು ಪುನರುಚ್ಚರಿಸುತ್ತಿದ್ದಾನೆ. ನಮ್ಮೂರ ಭಜನೆ ಮಂಡಳಿಯ ಬಸಮ್ಮ ಅಂಗಳದಲ್ಲಿ ಕೂತಳು. ಅವಳು ಕೂತರೆ ಉಳಿದವರು ಕೂರಲೇಬೇಕು. ಪ್ರತಿ ಸಾಲಿನ ಕೊನೆಯಲ್ಲೂ ಹುಡುಗಿ ‘ಸೆಮಿಕೋಲನ್’ ಎನ್ನುತ್ತಾಳೆ ಎಂಬುದು ಹತ್ತು ಸಾಲಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಹನ್ನೊಂದನೇ ಸಾಲಿಗೆ ಬಸಮ್ಮ ತಾಳ ತೆಗೆದಳು.

“ಪ್ರಿಂಟ್ ಎಫ್, ಬ್ರಾಕೆಟ್ ಮುಚ್ಚು” ಎಂದಳು ಚೈತ್ರಶ್ರೀ.

“ಸೆಮಿಕೋಲನ್!” ಎಂದಿತು ಊರು.

ಹುಡುಗಿ ಮೊದಲು ಸಿಡುಕಿದಳು, ಆಮೇಲೆ ತಲೆ ಚಚ್ಚಿಕೊಂಡಳು, ಆಮೇಲೆ ಬೇರೆ ದಾರಿ ಇಲ್ಲದೆ ಮುಂದುವರಿದಳು. ಒಂದು ಲಾಭವಂತೂ ಇತ್ತು. ರಂಗಸ್ವಾಮಿ ಮರೆತರೂ ಜನ ಮರೆಯುತ್ತಿರಲಿಲ್ಲ. ನಾನೂ ಎರಡು ಸಲ ಸೆಮಿಕೋಲನ್ ಎಂದೆ. ಸುಳ್ಳೇಕೆ, ಮೈ ಜುಮ್ಮೆಂದಿತು.

ಆರು ಗಂಟೆಗೆ ತೊಂಬತ್ತೆರಡನೇ ಸಾಲು. ರಂಗಸ್ವಾಮಿ ಬೆರಳು ನೆಕ್ಕಿಕೊಂಡು ಮುಂದಿನದಕ್ಕೆ ಸಿದ್ಧನಾದ. ಆಗ ಗುಡ್ಡದ ಮೇಲೆ ದೇವೀರಪ್ಪ ತನ್ನ ಹೆಬ್ಬೆರಳನ್ನು ನೆನಪಿಸಿಕೊಂಡು, ಕಾಫಿ ಹೂವಿಗೆ ನೀರು ಕೊಡುವ ಎರಡೂ ಮೋಟರನ್ನು ಒಟ್ಟಿಗೆ ಹಾಕಿದ. ಬಲ್ಬು ಕೆಂಪಗಾಯಿತು, ಅದರ ತಂತಿ ಮೀಸೆಯ ಕೂದಲಷ್ಟು ಸಣ್ಣಗಾಯಿತು, ಟ್ರಾನ್ಸ್‌ಫಾರ್ಮರ್ ಕಡೆಯಿಂದ ಢಮ್ ಎಂದಿತು.

“ಅಪ್ಪಾ! ಸೇವ್ ಮಾಡಿದ್ಯಾ?”

“ಏನು ಮಾಡ್ಬೇಕಿತ್ತು?”

ಅವಳು ಹೇಳಿರಲಿಲ್ಲ. ಗದ್ದಲದಲ್ಲಿ ಮರೆತಿದ್ದಳು. ಹೋದ ಕರೆಂಟು ಅರ್ಧ ಗಂಟೆಗೆ ಬಂತು. ಹೋದ ತೊಂಬತ್ತೆರಡು ಸಾಲು ಬರಲಿಲ್ಲ.

ಚೈತ್ರಶ್ರೀ ನೋಟ್‌ಬುಕ್ಕನ್ನು ಅಂಗಳಕ್ಕೆ ಎಸೆದಳು. ಬಸಮ್ಮನ ತಾಳ ನಿಂತಿತು. “ಇದನ್ನ ನಂಗೆ ಅಂತ ತಂದಿದ್ದಾ, ಊರಿಗೆ ಅಂತ ತಂದಿದ್ದಾ? ನನ್ ಹಸು ಮಾರಿ ತಂದಿದ್ದು ಅಪ್ಪ, ಹುಲ್ಲು ಹಾಕಿ ಸಾಕಿದ್ದು ನಾನು! ಎಲ್ರೂ ನೋಡ್ಬಹುದು, ಎಲ್ರೂ ಕೈ ಮುಗೀಬಹುದು, ಓದೋಳು ಮಾತ್ರ ಮುಟ್ಟಂಗಿಲ್ಲ!” ಎಂದು ಗಟ್ಟಿಯಾಗಿ ಅತ್ತಳು. ನಮಗೆಲ್ಲ ಕೂತಲ್ಲೇ ಚುಚ್ಚಿದಂತಾಯಿತು. ಕೂತವರಲ್ಲಿ ನಾನೂ ಇದ್ದೆನಲ್ಲ.

ರಂಗಸ್ವಾಮಿ ಎದ್ದು ಹೊರಗೆ ಬಂದ. ಅವನ ಮುಖ ನೋಡಿದರೆ ಜೀವನದಲ್ಲಿ ಮೊದಲ ಸಲ ಬೋರ್ಡು ಇಲ್ಲದ ಕಡೆ ಹೊರಟವನಂತಿತ್ತು.

“ಅವ್ವ, ಇದು ದೇವ್ರಲ್ಲ ಕಣವ್ವ. ಯಂತ್ರ. ಚಪ್ಪಲಿ ಬುಡಿಸೋದು ಧೂಳಿಗೆ.”

“ಧೂಳು ದೇವ್ರ ಮನೆಗೂ ಬರಬಾರದು ಕಣ್ಲಾ” ಎಂದಳು ಚೆಲುವಮ್ಮ, ಜಗ್ಗದೆ.

“ಅಯ್ಯೋ, ಮುಟ್ಟಿದ್ರೆ ಏನೂ ಆಗಲ್ಲವ್ವ! ನಾನು ಇವತ್ತು ಶನಿವಾರ, ಫಯಾಜ್ ಅಂಗಡೀಲಿ ಎರಡು ತಟ್ಟೆ ಬಿರಿಯಾನಿ ತಿಂದು, ಸ್ನಾನಾನೂ ಮಾಡ್ದೆ ಮಧ್ಯಾಹ್ನದಿಂದ ಮುಟ್ತಾ ಇದ್ದೀನಿ. ಏನಾಯ್ತು ಹೇಳು?”

ಬಸಮ್ಮ ತಾಳವನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಏನಾಯ್ತಾ?” ಎಂದಳು ಚೆಲುವಮ್ಮ ನಿಧಾನವಾಗಿ. “ಕರೆಂಟು ಹೋಯ್ತಲ್ಲೋ ಪಾಪಿ!”

ಇದಕ್ಕೆ ಯಾವ ವಕೀಲನೂ ಉತ್ತರ ಕೊಡಲಾರ. ಜನ ತಲೆಯಾಡಿಸಿದರು. ದೇವೀರಪ್ಪನ ಎರಡು ಮೋಟರಿನ ಸದ್ದು ಆಗಲೇ ಕಿವಿಗೆ ಬಿದ್ದಿದ್ದರೂ ನನಗೂ ಒಂದು ಗಳಿಗೆ ನಿಜವೆನ್ನಿಸಿತು. ಮಗ ಯಂತ್ರ ಪವಿತ್ರವಲ್ಲ ಎಂದು ಸಾಧಿಸಲು ಹೋದ. ತಾಯಿ ಕಂಡುಕೊಂಡದ್ದು ಯಂತ್ರ ಮೈಲಿಗೆಯಾಗಿದೆ ಎಂದು. ತೀರ್ಪು ಅಲ್ಲೇ ಬಂತು.

“ಶನಿವಾರದ ಬಾಡು ಮುಟ್ಟಿದ್ದು ದೇವ್ರ ಮನೆ ಪಕ್ಕ ಇರಂಗಿಲ್ಲ. ಹೊರಗೆ ಹಾಕು. ನೀನೂ ಹೊರಗೆ ಬೀಳು. ಸೋಮವಾರ ತಲೆಗೆ ನೀರು ಬೀಳೋವರೆಗೂ ಒಳಗೆ ಬಂದ್ರೆ ನೋಡು.”

ಮೈಲಿಗೆಯಾದದ್ದನ್ನು ಮಡಿಯಲ್ಲಿದ್ದವರು ಮುಟ್ಟುವಂತಿಲ್ಲವಾದ್ದರಿಂದ ಅಪ್ಪ ಮಗಳೇ ಅದನ್ನು ಹೊತ್ತು ಜಗಲಿಗೆ ತಂದರು. ಚಾಪೆಯ ಪಕ್ಕದಲ್ಲಿ, ಮುರುಕು ಮೇಜಿನ ಮೇಲೆ, ಕಿಟಕಿಯಿಂದ ವೈರು ಎಳೆದು ಇಟ್ಟರು. ಕೂರಲು ಕುರ್ಚಿ ಬಂತು. ತಾಯಂದಿರು ಹಾಲ್ ಟಿಕೆಟ್‌ಗಳನ್ನು ಕಿತ್ತುಕೊಂಡು ಓಡಿದರು. ನನ್ನ ಹೆಂಡತಿ ಸೌಜನ್ಯಾಳದ್ದಕ್ಕೆ ಅರಿಶಿನದ ನೀರು ಚಿಮುಕಿಸಿ, ಅರ್ಧ ನಂಬರನ್ನೇ ಅಳಿಸಿಹಾಕಿದಳು. ಮರುದಿನ ಹೆಡ್‌ಮಾಸ್ತರ ಮನೆಗೆ ನಾನು ಅಲೆದದ್ದು ಬೇರೆ ಕಥೆ.

ಚೈತ್ರಶ್ರೀ ಕಣ್ಣೊರೆಸಿಕೊಂಡು ಅಂಗಳದಿಂದ ನೋಟ್‌ಬುಕ್ ಎತ್ತಿಕೊಂಡಳು. ಕುರ್ಚಿಯ ಮೇಲೆ ಕೂತಳು. ನೋಡಬೇಕಿತ್ತು ಆ ಬೆರಳು. ಅಪ್ಪ ನಾಲ್ಕು ಗಂಟೆ ಒತ್ತಿದ್ದನ್ನು ಅವಳು ಊಟದ ಹೊತ್ತಿಗೆ ಮುಗಿಸಿದಳು. ಪೂಜೆ ಇಲ್ಲ, ದರ್ಶನ ಇಲ್ಲ. ಮೈಲಿಗೆಯ ಹತ್ತಿರ ಯಾರೂ ಸುಳಿಯಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ತಪ್ಪು ತಿದ್ದಿದಳು. ಐದು ನಿಮಿಷಕ್ಕೊಮ್ಮೆ ಅಪ್ಪ, “ಸೇವ್ ಮಾಡ್ದೇನವ್ವ?” ಎನ್ನುತ್ತಿದ್ದ. ಜಗಲಿಯ ಇನ್ನೊಂದು ಮೂಲೆಯಲ್ಲಿ ಅವನಿಗೂ ಒಂದು ಚಾಪೆ, ಒಂದು ಹಳೇ ತಟ್ಟೆ. ಗಂಗಾಮಣಿ ದೂರದಿಂದಲೇ ಅವನ ತಟ್ಟೆಗೆ ಮುದ್ದೆ ಹಾಕಿ, ನಮ್ಮ ಬೇಲಿಯ ಕಡೆ ತಿರುಗಿ, “ಮದ್ವೆ ಆದಾಗಿಂದ ಇದೊಂದು ನೋಡ್ಬೇಕು ಅಂತಿದ್ದೆ ಕಣ್ರೀ ಮೋಹನಣ್ಣ” ಎಂದಳು. ಅಷ್ಟು ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ.

ಭಾನುವಾರ ಸಂಜೆ ಐದಕ್ಕೆ ಪ್ರೋಗ್ರಾಮ್ ಓಡಿತು. ರಂಗಸ್ವಾಮಿ ಡೈರಿಯ ಫೋನಿನಿಂದ ಫಯಾಜ್‌ಗೆ ಯು.ಪಿ.ಎಸ್. ತರಲು ಹೇಳಿದ.

ಸೋಮವಾರ ಬೆಳಕು ಹರಿಯುವ ಮುಂಚೆ ಚೈತ್ರಶ್ರೀ ತಲೆಗೆ ನೀರು ಹಾಕಿಕೊಂಡು, ಫ್ಲಾಪಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ಸಿಗೆ ಹೋದಳು. ರಂಗಸ್ವಾಮಿಯೂ ಮುಳುಗಿ ಎದ್ದು ಒಳಗೆ ಸೇರಿದ. ಎಂಟು ಗಂಟೆಗೆ ಯಾಕೂಬ್ ಸಾಹೇಬರ ಜೀಪಿನಲ್ಲಿ ಫಯಾಜ್ ಹೊಸ ಡಬ್ಬ ಹಿಡಿದು ಇಳಿದು, ಜಗಲಿ ನೋಡಿ ಕಿಟಾರನೆ ಕಿರುಚಿದ. ಚೆಲುವಮ್ಮ ಸೆರಗು ಸಿಕ್ಕಿಸಿ, ತಾಮ್ರದ ಹಂಡೆಯಲ್ಲಿ ಬಿಸಿನೀರು, ಬಟ್ಟಲಲ್ಲಿ ಸೀಗೆಪುಡಿ ಇಟ್ಟುಕೊಂಡು, ಚೊಂಬನ್ನು ಕಂಪ್ಯೂಟರಿನ ನೆತ್ತಿಯ ಮೇಲೆ ಎತ್ತಿದ್ದಳು.

“ಅಜ್ಜೀ! ನೀರು ಹಾಕ್ಬೇಡಿ!”

“ಮೂವರೂ ಹೊರಗೆ ಕೂತಿದ್ರು, ಇಬ್ರುದು ಆಯ್ತು. ಇದರದ್ದೂ ಆಗ್ಬೇಕಲ್ವೇನೋ?”

“ನೀರು ಬಿದ್ರೆ ಸುಟ್ಟೇ ಹೋಗ್ತದೆ!”

“ಒಂದು ಚೊಂಬು?”

“ಒಂದು ಹನೀನೂ ಬೇಡ ಅಜ್ಜಿ.”

“ಗಂಜಲ ಚಿಮುಕಿಸಿದ್ರೆ?”

ಫಯಾಜ್ ಓಡಿ ಬಂದು ಯಂತ್ರವನ್ನು ತಬ್ಬಿಕೊಂಡು ನಿಂತ. ಚೆಲುವಮ್ಮ ಚೊಂಬು ಇಳಿಸಿ ಲೆಕ್ಕ ಹಾಕಿದಳು. ನೀರು ಹಾಕಿದರೆ ಯಂತ್ರ ಇಲ್ಲ. ಹಾಕದಿದ್ದರೆ ಮಡಿ ಇಲ್ಲ. “ಹಂಗಾದ್ರೆ ಇದು ಯಾವತ್ತೂ ಒಳಗೆ ಬರಂಗಿಲ್ಲ” ಎಂದು ಹಂಡೆಯ ನೀರನ್ನು ದಾಸವಾಳದ ಬುಡಕ್ಕೆ ಸುರಿದಳು.

ಸಂಜೆ ಚೈತ್ರಶ್ರೀ ಬಂದಳು. ಮೇಡಂ ಪ್ರೋಗ್ರಾಮ್ ಓಡಿಸಿ ನೋಡಿ ಸಹಿ ಹಾಕಿದ್ದರು, ಪರೀಕ್ಷೆಗೆ ಕೂರಬಹುದು ಎಂದಿದ್ದರು. ಅಜ್ಜಿ ತೀರ್ಪು ಓದಿ ಹೇಳಿದಳು. ಹುಡುಗಿ ನಗು ತಡೆಯಲು ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

ಮುಂದಿನ ತಿಂಗಳು ಮತ್ತೆ ಜಗಲಿಯಲ್ಲಿ ಚಾಪೆ ಬಿತ್ತು. ಅವಳು ಅದರ ಮೇಲೆ ಕೂರಲೇ ಇಲ್ಲ, ಮೂರು ದಿನವೂ ಕುರ್ಚಿಯಲ್ಲೇ ಇದ್ದಳು. ಒಂದು ಸಂಜೆ ನಾನು ಡೈರಿ ಮುಚ್ಚಿ ಬರುವಾಗ ಚೆಲುವಮ್ಮ ಹೊಸ್ತಿಲ ಒಳಗೆ ಕೂತು ಮೊಮ್ಮಗಳನ್ನೇ ನೋಡುತ್ತಿದ್ದಳು.

“ನಲವತ್ತು ವರ್ಷ ಆ ಮೂಲೇಲಿ ಬರೀ ಗೋಡೆ ನೋಡ್ಕೊಂಡು ಕೂತಿದ್ದೆ ಕಣೇ” ಎಂದಳು. “ನಿಂಗೆ ನೋಡಾಕೆ ಏನೋ ಒಂದು ಐತೆ. ಒಳ್ಳೇದಾಯ್ತು ಬುಡು.”

ನಾನು ಕಡ್ಡಿ ಇಳಿಬಿಟ್ಟು ನೋಡಿದೆ. ಆ ಮಾತಿನಲ್ಲಿ ಒಂದು ಹನಿಯೂ ನೀರಿರಲಿಲ್ಲ. ಬಿರಿಯಾನಿಯ ತೀರ್ಪನ್ನು ಮುದುಕಿ ನಂಬಿ ಕೊಟ್ಟಳೋ, ತಿಳಿದೇ ಕೊಟ್ಟಳೋ ಎಂದು ನನಗೆ ಅಂದಿನಿಂದ ಅನುಮಾನ.

ಇನ್ನು ರಂಗಸ್ವಾಮಿಯ ಪಾಡು. ಶನಿವಾರ ಅವನು ಮಡಿಯಲ್ಲಿರುತ್ತಾನೆ, ಮೈಲಿಗೆ ಮುಟ್ಟುವಂತಿಲ್ಲ. ಸೋಮವಾರ ಒಪ್ಪತ್ತು, ಅವತ್ತೂ ಇಲ್ಲ. ಹಬ್ಬದ ದಿನ ಹತ್ತಿರವೂ ಹೋಗುವಂತಿಲ್ಲ. ಮಗಳು ಮಾತ್ರ ತಿಂಗಳ ಮೂವತ್ತು ದಿನವೂ ಮುಟ್ಟುತ್ತಾಳೆ. ಕಳೆದ ಶನಿವಾರ ಅವನು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು, ತನ್ನದೇ ಜಗಲಿಯ ಮೆಟ್ಟಿಲಲ್ಲಿ ಕೈಕಟ್ಟಿ ನಿಂತು, ಪರದೆಯ ಮೀನುಗಳನ್ನು ದೂರದಿಂದ ನೋಡುತ್ತಿದ್ದ.

“ಒಂದೇ ಒಂದು ಸಲ ಸೆಮಿಕೋಲನ್ ಒತ್ತಲೇನವ್ವ?” ಎಂದ.

“ಮುಟ್ಟೀಯ, ಜೋಕೆ!” ಎಂದು ಒಳಗಿನಿಂದ ಚೆಲುವಮ್ಮ ಗದರಿದಳು.

ಚೈತ್ರಶ್ರೀ ತಲೆ ಎತ್ತಲಿಲ್ಲ. “ಸ್ವಲ್ಪ ಸರಿ ಅಪ್ಪ, ಬೆಳಕಿಗೆ ಅಡ್ಡ ನಿಂತಿದ್ದೀಯ” ಎಂದಳು.